ಗುರ್ ಎನ್ನುವ ಮುದಿ ನಾಯಿಯಲ್ಲಿ ಮೊದಲು ಏನು ನೋಡಬೇಕು

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಈ ಬಿಸಿಲಲ್ಲಿ, ಅದೂ ಭಾನುವಾರ, ಇಷ್ಟು ಜನ ಬಂದು ಕೂತಿದ್ದೀರಿ. ಬೀದಿ ನಾಯಿಯನ್ನು ಯಾಕೆ ಮನೆಗೆ ತರಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ. ರೈಲ್ವೆ ಗೇಟಿನಿಂದ, ಎಪಿಎಂಸಿ ಯಾರ್ಡಿನಿಂದ, ಹೊಸಪೇಟೆ ರಸ್ತೆಯ ಢಾಬಾ ಹಿಂದಿನಿಂದ ಎತ್ತಿಕೊಂಡು ಬಂದವರೇ ಇಲ್ಲಿ ಹೆಚ್ಚು. ನನ್ನ ಮಾತು ಅದರ ಮುಂದಿನದು. ಹಾಗೆ ತಂದ ನಾಯಿಗೆ ಹತ್ತು ಹನ್ನೆರಡು ವರ್ಷವಾಗುತ್ತದೆ. ಕಾಲು ಸೋಲುತ್ತವೆ, ಮನೆಯೊಳಗೆ ಉಚ್ಚೆ ಹೊಯ್ಯುತ್ತದೆ, ರಾತ್ರಿಯಿಡೀ ಅಡ್ಡಾಡುತ್ತದೆ, ಮುಟ್ಟಿದರೆ ಹಲ್ಲು ತೋರಿಸುತ್ತದೆ. ಆಗ "ಇದು ಕೆಟ್ಟುಹೋತು" ಎಂದು ಅದೇ ಮನೆಯವರು ಮತ್ತೆ ಬೀದಿಗೆ ಬಿಡುತ್ತಾರೆ. ಹತ್ತು ವರ್ಷ ಮನೆಯಲ್ಲಿ ತಿಂದ ಜೀವ ಬೀದಿಯಲ್ಲಿ ಒಂದು ತಿಂಗಳೂ ಬಾಳುವುದಿಲ್ಲ.

ಆದ್ದರಿಂದ ಒಂದೇ ಮಾತನ್ನು ಇವತ್ತು ಎಷ್ಟು ಸಲ ಬೇಕಾದರೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ಮುದಿ ನಾಯಿಯ ನಡತೆ ಬದಲಾದರೆ ಮೊದಲು ನೋವು ಹುಡುಕಿ. ತರಬೇತಿ, ಗದರಿಕೆ, ಸರಪಳಿ ಎಲ್ಲ ಆಮೇಲೆ.

ಕೌಲ್‌ಬಜಾರಿನ ಒಂದು ಮನೆಯ ಕರಿಯನ ಕತೆ ಹೇಳಬೇಕು. ಕೆಲವರು ಕೇಳಿದ್ದೀರಿ, ಇನ್ನೊಮ್ಮೆ ಕೇಳಿ. ಹದಿನೆಂಟು ಕೆಜಿ ನಾಯಿ, ಹಲ್ಲಿನ ಸವೆತ ನೋಡಿದರೆ ಹತ್ತರ ಆಸುಪಾಸಿನ ವಯಸ್ಸು. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಯಾರಿಗೂ ಒಂದು ಗುರ್ ಅಂದಿರಲಿಲ್ಲ. ಒಂದು ದಿನ ಮನೆಯ ಹುಡುಗ ಬೆಲ್ಟ್ ಹಾಕಲು ಹೋದಾಗ ಗುರ್ ಎಂದಿತು. ಹುಡುಗನ ಅಪ್ಪ ಚಪ್ಪಲಿಯಿಂದ ಎರಡು ಕೊಟ್ಟರು. ಮರುದಿನ ಗುರ್ ಅನ್ನಲಿಲ್ಲ, ನೇರವಾಗಿ ಕೈಗೆ ಬಾಯಿ ಹಾಕಿತು. ಇಲ್ಲಿ ಸ್ವಲ್ಪ ನಿಲ್ಲೋಣ. ಗುರ್ ಅನ್ನುವುದು ಎಚ್ಚರಿಕೆ. ಹೊಡೆದರೆ ನಾಯಿ ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ, ಕಚ್ಚುವುದನ್ನು ಬಿಡುವುದಿಲ್ಲ. ಗುರ್ ಎಂದಾಗ ಕೈ ಹಿಂದೆ ತೆಗೆಯಿರಿ, ಪಕ್ಕಕ್ಕೆ ತಿರುಗಿ ನಿಲ್ಲಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಮೇಲೆ ಬಾಗಬೇಡಿ. ಅದು ಸೋಲಲ್ಲರೀ, ಅದು ಹೇಳಿದ್ದನ್ನು ಕೇಳಿಸಿಕೊಂಡ ಹಾಗೆ.

ಓಣಿಯವರು ಹುಚ್ಚು ಹಿಡಿದಿದೆ ಎಂದರು. ರೇಬೀಸ್ ಲಕ್ಷಣ ಕಂಡ ನಾಯಿ ಹತ್ತು ದಿನದೊಳಗೆ ಸಾಯುತ್ತದೆ. ಎರಡು ತಿಂಗಳಿಂದ ಗುರ್ ಅನ್ನುತ್ತ ಊಟ ಮಾಡಿಕೊಂಡಿರುವ ನಾಯಿಗೆ ಇರುವುದು ಆ ರೋಗವಲ್ಲ. ಹಾಗಂತ ಕಚ್ಚಿದ ಗಾಯಕ್ಕೆ ಉದಾಸೀನ ಬೇಡ. ಲಸಿಕೆ ಹಾಕಿಸಿದ ಮನೆಯ ನಾಯಿಯೇ ಆದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ನಾಯಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ವಯಸ್ಸಾದ ಮೇಲೂ ತಪ್ಪಬಾರದು.

ಕರಿಯನ ವಿಷಯಕ್ಕೆ ಬರೋಣ. ಆ ಮನೆಯ ಅಜ್ಜಿ ಒಂದು ಸಂಗತಿ ಗಮನಿಸಿದ್ದರು. "ಇದು ಒಂದ ಕಡಿ ಅಗಿತೈತಿ, ರೊಟ್ಟಿ ತುಣುಕು ಬಾಯಿಂದ ಬೀಳತೈತಿ" ಎಂದು ಅವರು ಹೇಳಿದ್ದೇ ರೋಗದ ಪತ್ತೆ. ನಾಲ್ಕೈದು ದಿನದಲ್ಲಿ ಬಲಗಣ್ಣಿನ ಕೆಳಗೆ ಊತ ಬಂತು. ನಾಯಿಯ ಮೇಲ್ದವಡೆಯಲ್ಲಿ ಮೂರು ಬೇರಿನ ಒಂದು ದೊಡ್ಡ ಹಲ್ಲಿದೆ. ಎಲುಬು, ಕಲ್ಲು ಕಡಿದು ಅದು ಸೀಳುತ್ತದೆ, ಬೇರಿನಲ್ಲಿ ಕೀವು ತುಂಬುತ್ತದೆ. ಬೇರು ಕಣ್ಣಿನ ಕೆಳಗೇ ಇರುವುದರಿಂದ ಊತವೂ ಅಲ್ಲೇ ಕಾಣುತ್ತದೆ. ಜನ ಕಣ್ಣಿನ ರೋಗ ಎಂದುಕೊಂಡು ಕಣ್ಣಿಗೆ ಡ್ರಾಪ್ಸ್ ಹಾಕುತ್ತಾರೆ. ಬೆಲ್ಟ್ ಹಾಕುವಾಗ ಹುಡುಗನ ಕೈ ತಾಗುತ್ತಿದ್ದದ್ದು ಆ ದವಡೆಗೇ. ಮೊದಲು ರಕ್ತ ಪರೀಕ್ಷೆ ಮಾಡಿ ಕಿಡ್ನಿ, ಲಿವರ್ ಸರಿ ಇದೆಯೇ ನೋಡಿ, ಆಮೇಲೆ ಅರಿವಳಿಕೆ ಕೊಟ್ಟು ಹಲ್ಲು ಕಿತ್ತರು. ಮುದಿ ನಾಯಿಗೆ ಅರಿವಳಿಕೆ ಕೊಟ್ಟರೆ ಸತ್ತೇ ಹೋಗುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ರಕ್ತ ಪರೀಕ್ಷೆ ಮಾಡಿ, ಹೃದಯ ಕೇಳಿ, ಸಲೈನ್ ಹಾಕಿ ಕೊಟ್ಟರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಕೀವಿನ ಹಲ್ಲನ್ನು ಬಾಯಲ್ಲೇ ಬಿಡುವುದರಲ್ಲೂ ಅಪಾಯ ಇದೆ, ಅದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಹಲ್ಲು ಹೋಯಿತು, ನೋವು ಹೋಯಿತು. ಆದರೆ ಬೆಲ್ಟ್ ಕಂಡರೆ ಗುರ್ ಅನ್ನುವುದು ಹೋಗಲಿಲ್ಲ. ಯಾಕೆಂದರೆ ಬೆಲ್ಟ್ ಬಂದರೆ ನೋವು ಬರುತ್ತದೆ ಎಂದು ಅದರ ತಲೆಯಲ್ಲಿ ಕೂತಿತ್ತು. ತರಬೇತಿಗೆ ಈಗ ಜಾಗ ಬಂತು. ಬೆಲ್ಟನ್ನು ಐದಾರು ಅಡಿ ದೂರದಲ್ಲಿ ನೆಲಕ್ಕಿಡಿ. ನಾಯಿ ಅದನ್ನು ನೋಡಿದ ತಕ್ಷಣ ಬೇಯಿಸಿದ ಮೊಟ್ಟೆಯ, ಇಲ್ಲವೇ ಎಲುಬಿಲ್ಲದ ಕೋಳಿಯ ಸಣ್ಣ ಚೂರು. ಬೆಲ್ಟ್ ಎತ್ತಿಟ್ಟರೆ ಚೂರೂ ಬಂದ್. ಒಂದು ಹೊತ್ತಿಗೆ ಐದಾರು ಸಲ ಸಾಕು, ದಿನಕ್ಕೆ ಎರಡು ಹೊತ್ತು. ಬೆಲ್ಟ್ ಕಂಡ ಕೂಡಲೇ ನಾಯಿ ನಿಮ್ಮ ಕೈಯ ಕಡೆ ನೋಡತೊಡಗಿದರೆ ಮುಂದಿನ ಹೆಜ್ಜೆ: ಬೆಲ್ಟ್ ಕೈಯಲ್ಲಿ. ಆಮೇಲೆ ಬರಿಗೈಯಿಂದ ಕೊರಳನ್ನು ಒಂದು ಸೆಕೆಂಡ್ ಮುಟ್ಟುವುದು. ಆಮೇಲೆ ಬೆಲ್ಟ್ ತಾಗಿಸುವುದು. ಬಕಲ್ ಹಾಕುವುದು ಕೊನೆಗೆ. ಯಾವ ಹೆಜ್ಜೆಯಲ್ಲಿ ಗುರ್ ಅಂದಿತೋ ಅದರ ಹಿಂದಿನದಕ್ಕೆ ಹೋಗಿ. ಅವಸರ ಮಾಡಿ ಎರಡು ಹೆಜ್ಜೆ ಒಟ್ಟಿಗೆ ಹಾರಿದರೆ ಮತ್ತೆ ಮೊದಲಿಂದ ಶುರು. ವಾರಗಳೇ ಬೇಕು. ಕರಿಯನಿಗೆ ಕೊನೆಗೆ ಕೊರಳ ಬೆಲ್ಟ್ ಬಿಟ್ಟು ಎದೆಗೆ ಹಾಕುವ ಹಾರ್ನೆಸ್ ತಂದರು. ಕುತ್ತಿಗೆ, ದವಡೆ ನೋವಿರುವ ನಾಯಿಗಳಿಗೆ ಅದೇ ಮೇಲು.

ಇನ್ನು ಕೀಲು. ಕೂತಲ್ಲಿಂದ ಏಳಲು ತಡ, ಮೆಟ್ಟಿಲ ಮುಂದೆ ನಿಂತು ಯೋಚನೆ, ಒಂದೇ ಮೊಣಕಾಲನ್ನು ಸದಾ ನೆಕ್ಕುವುದು, ಹಿಂದೊಡೆ ಬಡಕಲಾಗುವುದು, ಇವೆಲ್ಲ ಸಂಧಿವಾತದ ಲಕ್ಷಣ. ಇಂಥ ನಾಯಿ ಮಲಗಿದಾಗ ಮಗು ಎಡವಿದರೆ ಕಚ್ಚುತ್ತದೆ. ಮೊದಲು ನೋವು ಹುಡುಕಿ ಅಂದೆನಲ್ಲ! ನಮ್ಮ ಮನೆಗಳ ಟೈಲ್ಸ್, ಪಾಲಿಶ್ ಗ್ರಾನೈಟ್ ಇವುಗಳಿಗೆ ದೊಡ್ಡ ಶತ್ರು. ಕಾಲು ಜಾರಿ ಅಗಲವಾಗುತ್ತದೆ, ಮತ್ತೆ ನೋವು. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ರಬ್ಬರ್ ಮ್ಯಾಟ್ ಹಾಸಿ. ಬರೀ ಗೋಣಿಚೀಲ ಹಾಸಿದರೆ ಅದೂ ಜಾರುತ್ತದೆ, ನಾಲ್ಕು ಮೂಲೆಗೂ ಟೇಪ್ ಹಾಕಿ. ಮಲಗಲು ನಮ್ಮ ಹಳೆಯ ಕೌದಿ ನಾಲ್ಕು ಮಡಿಕೆ ಹಾಕಿದರೆ ಅದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ. ಒಗೆಯಲೂ ಸಲೀಸು. ನಿಂತಾಗ ಉಗುರು ನೆಲಕ್ಕೆ ತಾಗುತ್ತಿದ್ದರೆ ಕತ್ತರಿಸಿ, ಕಪ್ಪು ಉಗುರಾದರೆ ತುದಿಯಿಂದ ಸ್ವಲ್ಪ ಸ್ವಲ್ಪವೇ, ರಕ್ತನಾಳ ಒಳಗೆ ಕಾಣುವುದಿಲ್ಲ. ತೂಕ ಇಳಿಸಿ. ಪಕ್ಕೆಲುಬು ಕೈಗೆ ಸುಲಭವಾಗಿ ಸಿಗಬೇಕು.

ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಮೆಡಿಕಲ್ ಶಾಪಿನಿಂದ ನಮಗೆ ತರುವ ನೋವಿನ ಮಾತ್ರೆ ನಾಯಿಗೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಟಾರಿನಂಥ ಕಪ್ಪು ಮಲ ಬರುತ್ತದೆ, ಕಿಡ್ನಿ ಕೈ ಕೊಡುತ್ತದೆ. ಪಶುವೈದ್ಯರು ಸಾಮಾನ್ಯವಾಗಿ ಬರೆಯುವ ಮೆಲೊಕ್ಸಿಕಾಮ್ ಮೊದಲ ದಿನ ಕೆಜಿಗೆ 0.2 ಮಿಲಿಗ್ರಾಂ, ಆಮೇಲೆ ದಿನಕ್ಕೆ 0.1. ಊಟದ ಜೊತೆ, ಕಿಡ್ನಿ ಪರೀಕ್ಷೆಯಾದ ಮೇಲೆ. ಸ್ಟೆರಾಯ್ಡ್ ನಡೆಯುತ್ತಿದ್ದರೆ ಅದರ ಜೊತೆ ಕೂಡದು. ವಾಂತಿ ಶುರುವಾದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ.

ಒಂದು ಮಾತು ನಡುವೆ. ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರು ಸಿಕ್ಕಿತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕು. ಆದರೆ ಗುತ್ತಿಯ ಹತ್ತಿರದ ಎರ್ರಗುಡಿಗೆ ಹೋದವರು ಅಲ್ಲಿನ ದೊಡ್ಡ ಬಂಡೆ ಶಾಸನಗಳನ್ನೂ ನೋಡಿ ಬನ್ನಿ. ಅವುಗಳಲ್ಲಿ ಎರಡನೆಯದು ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿದ್ದನ್ನು ಹೇಳುತ್ತದೆ. ಎರಡಕ್ಕೂ ಒಂದೇ ಉಸಿರಿನಲ್ಲಿ! ನಮ್ಮ ಸೀಮೆಯ ಪಕ್ಕದಲ್ಲೇ ಎರಡು ಸಾವಿರ ವರ್ಷದಿಂದ ಕಲ್ಲಿನ ಮೇಲೆ ಇರುವ ಮಾತು ಅದು.

ರಾತ್ರಿ ಅಡ್ಡಾಡುವ ನಾಯಿಯ ಬಗ್ಗೆ ಬಹಳ ಜನ ಚೀಟಿ ಕಳಿಸಿದ್ದೀರಿ. ಬಾಗಿಲಿನ ತಿರುಗಣೆಯ ಕಡೆ ಹೋಗಿ ತೆರೆಯಲಿ ಎಂದು ಕಾಯುವುದು, ಮೂಲೆಯಲ್ಲಿ ಸಿಕ್ಕಿಕೊಂಡು ಹಿಂದೆ ಬರಲಾಗದೆ ನಿಲ್ಲುವುದು, ಹಗಲೆಲ್ಲ ನಿದ್ದೆ, ರಾತ್ರಿ ಎರಡಕ್ಕೆ ಊಳಿಡುವುದು, ಮನೆಯವರ ಗುರುತು ತಪ್ಪುವುದು. ನಮ್ಮ ಹಿರಿಯರಿಗೆ ಬರುವ ಮರೆವಿನ ಹಾಗೆಯೇ ನಾಯಿಗೂ ಮೆದುಳು ಸೋಲುವ ರೋಗ ಇದೆ. ಆದರೆ ಆ ಹೆಸರನ್ನು ಕೊನೆಗೆ ಇಡಿ. ಮೊದಲು ನೋವು. ಆಮೇಲೆ ಕಣ್ಣು: ಮುಖದ ಮುಂದೆ ಹತ್ತಿಯ ಉಂಡೆ ಬೀಳಿಸಿ. ಹತ್ತಿ ಸದ್ದು ಮಾಡುವುದಿಲ್ಲ, ನಾಯಿಯ ನೋಟ ಅದರ ಹಿಂದೆ ಹೋಗದಿದ್ದರೆ ಕಣ್ಣು ಕಾಣುತ್ತಿಲ್ಲ. ಆಮೇಲೆ ನೀರು. ಬೆಳಿಗ್ಗೆ ಅಳೆದು ಇಡಿ, ಮರುದಿನ ಬೆಳಿಗ್ಗೆ ಉಳಿದದ್ದನ್ನು ಅಳೆಯಿರಿ. ಕೆಜಿಗೆ 50-60 ಮಿಲಿ ಸಹಜ, ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚು. ಕೆಜಿಗೆ 100 ಮಿಲಿ ದಾಟಿತೋ, ಅಂದರೆ ಕರಿಯನಂಥ ನಾಯಿ ದಿನಕ್ಕೆ 1.8 ಲೀಟರ್ ಮೇಲೆ ಕುಡಿಯಿತೋ, ಕಿಡ್ನಿ, ಸಕ್ಕರೆ ರೋಗ ಪರೀಕ್ಷಿಸಿ. ಸಂತಾನಹರಣ ಆಗದ ಹೆಣ್ಣಾದರೆ, ಬೆದೆ ಮುಗಿದು ಒಂದೆರಡು ತಿಂಗಳಾಗಿದ್ದರೆ, ಗರ್ಭಕೋಶದಲ್ಲಿ ಕೀವು ಇರಬಹುದು. ಅದಕ್ಕೆ ನಾಳೆ ಎನ್ನಬೇಡಿ, ಅವತ್ತೇ ಕರೆದೊಯ್ಯಿರಿ. ರಾತ್ರಿ ಉಚ್ಚೆ ಹೊಯ್ದಿತೆಂದು ನೀರಿನ ಬಟ್ಟಲು ಎತ್ತಿಡುವವರಿದ್ದಾರೆ. ಕಿಡ್ನಿ ಸೋತ ನಾಯಿಯ ನೀರು ನಿಲ್ಲಿಸಿದರೆ ಅದನ್ನು ಕೊಂದ ಹಾಗೆಯೇ.

ಇವೆಲ್ಲ ಸರಿಯಿದ್ದು ಮೆದುಳಿನದೇ ಎಂದಾದರೆ, ಮನೆಯ ಸಾಮಾನು ಇದ್ದಲ್ಲೇ ಇರಲಿ. ಊಟದ ಹೊತ್ತು ಬದಲಿಸಬೇಡಿ. ಬೆಳಗಿನ ಎಳೆಬಿಸಿಲಿನಲ್ಲಿ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ನಿಧಾನಕ್ಕೆ ನಡೆಸಿ. ಮಲಗುವ ಮುಂಚೆ ಒಮ್ಮೆ ಉಚ್ಚೆಗೆ ಹೊರಗೆ. ರಾತ್ರಿ ಜೀರೋ ಬಲ್ಬ್ ಉರಿಯಲಿ. ವೈದ್ಯರು ಸೆಲೆಜಿಲಿನ್ ಬರೆಯಬಹುದು. ಬೆಳಗಿನ ಹೊತ್ತು ಕೊಡುವ ಮಾತ್ರೆ ಅದು, ಗುಣ ಕಾಣಲು ನಾಲ್ಕಾರು ವಾರ ಬೇಕು. ನೋವಿಗೆ ಟ್ರಮಡಾಲ್ ನಡೆಯುತ್ತಿದ್ದರೆ ಅದನ್ನು ಅವರಿಗೆ ಮೊದಲೇ ಹೇಳಿ, ಎರಡೂ ಒಟ್ಟಿಗೆ ಅಪಾಯ.

ಹತ್ತೇ ನಿಮಿಷ ಎಂದು ಚೀಟಿ ಬಂತು. ಕರಿಯನೇ ಅರ್ಧ ಹೊತ್ತು ತಿಂದ, ತಿನ್ನಲಿ ಪಾಪ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಉಣ್ಣೆ. ನಮ್ಮಲ್ಲಿಯ ಕಂದು ಉಣ್ಣೆ ರಕ್ತ ಕುಡಿದು ನಾಯಿಯಿಂದಿಳಿದು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಮಾತ್ರ ಔಷಧಿ ಹಾಕಿ ಗೋಡೆ ಬಿಟ್ಟರೆ ತಿಂಗಳಲ್ಲಿ ಮತ್ತೆ ಅದೇ ಪಾಡು. ಬಿರುಕಿಗೆ ಸಿಮೆಂಟ್ ತುಂಬಿ. ಉಣ್ಣೆಯನ್ನು ಬೆರಳಿನಲ್ಲಿ ಹಿಸುಕಬೇಡಿ, ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಜ್ವರ, ವಸಡು ಬಿಳುಪು, ಮೂಗಿನಲ್ಲಿ ರಕ್ತ ಕಂಡರೆ ಉಣ್ಣೆ ಜ್ವರ ಎಂದು ಅನುಮಾನಿಸಿ ಪ್ಲೇಟ್‌ಲೆಟ್ ನೋಡಿಸಿ. ಡಾಕ್ಸಿಸೈಕ್ಲಿನ್ ಕೆಜಿಗೆ 10 ಮಿಲಿಗ್ರಾಂ, ದಿನವೂ, 28 ದಿನ. ಐದನೇ ದಿನಕ್ಕೆ ನಾಯಿ ಎದ್ದು ಓಡಾಡುತ್ತದೆ, ಜನ ಮಾತ್ರೆ ನಿಲ್ಲಿಸುತ್ತಾರೆ, ರೋಗ ಒಳಗೇ ಉಳಿಯುತ್ತದೆ. ಹಾಲಿನಲ್ಲಿ ಕೊಡಬೇಡಿ, ಊಟ ಮಾಡಿಸಿ ಕೊಡಿ.

ಬಿಸಿಲು. ಅಂಗೈ ಹಿಂಭಾಗವನ್ನು ರಸ್ತೆಯ ಮೇಲೆ ಐದು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಜ್ವರದ ಕಡ್ಡಿ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿ ತೇಕುತ್ತಿದ್ದರೆ ಮೈಯೆಲ್ಲ ನೀರು ಸುರಿದು ಫ್ಯಾನ್ ಹಾಕಿ, 103ಕ್ಕೆ ಇಳಿದಾಗ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಶಾಖ ಒಳಗೇ ಉಳಿಯುತ್ತದೆ.

ಊಟ: ಜೋಳದ ರೊಟ್ಟಿ ನೆನೆಸಿ ಮೊಟ್ಟೆ ಹಾಕಿ ಕೊಡಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ದ್ರಾಕ್ಷಿ, ಮನೂಕ, ಚಾಕೊಲೇಟ್, ಬೇಯಿಸಿದ ಎಲುಬು ಬೇಡ. ಕಿಡ್ನಿ ರೋಗ ಇದ್ದರೆ ಊಟವನ್ನೂ ವೈದ್ಯರೇ ಹೇಳಬೇಕು. ಉಸಿರು: ಗಾಢ ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು ದಿನದಿನವೂ ಕಂಡರೆ ಹೃದಯ ತೋರಿಸಿ. ಏಳಲಾಗದ ನಾಯಿಯನ್ನು ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಗಾಯಕ್ಕೆ ಹುಳು ಬಿದ್ದರೆ ಸೀಮೆಎಣ್ಣೆ ಸುರಿಯಬೇಡಿ.

ಕೊನೆಗೆ ಒಂದು ಕೆಲಸ, ಇವತ್ತೇ ಮಾಡಿ. ಮಾತ್ರೆಯ ಲೆಕ್ಕ, ನೀರಿನ ಲೆಕ್ಕ ಎಲ್ಲ ಕೆಜಿಯ ಮೇಲೆ ನಿಂತಿದೆ, ನಮ್ಮ ನಾಯಿ ಎಷ್ಟು ಕೆಜಿ ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಮನೆಯ ತೂಕದ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ತಾರೀಖು ಹಾಕಿ ಕ್ಯಾಲೆಂಡರಿನಲ್ಲಿ ಬರೆಯಿರಿ, ತಿಂಗಳಿಗೊಮ್ಮೆ. ಎತ್ತುವಾಗ ಗುರ್ ಅಂದರೆ ಕೆಳಗಿಳಿಸಿ, ಎಲ್ಲಿ ಕೈ ಇಟ್ಟಾಗ ಅಂದಿತು ಎಂಬುದನ್ನೂ ತೂಕದ ಪಕ್ಕದಲ್ಲೇ ಬರೆದು ವೈದ್ಯರಿಗೆ ತೋರಿಸಿ.