ಒಲೆಯ ಬದಿಯ ಕಲ್ಲುಮುಖಗಳು

ಮಾನ್ಯ ಅಧ್ಯಕ್ಷರೇ, ಶಿಲ್ಪಾಸಕ್ತ ಬಂಧುಗಳೇ,

ಈಗಷ್ಟೇ ಪರದೆಯ ಮೇಲೆ ನೀವು ಕಂಡ ಮೀನುಬಾಯಿಯ ಕಲ್ಲುಮುಖ ಕಪ್ಪು ಹಿನ್ನೆಲೆಯಲ್ಲಿ, ಪೀಠದ ಮೇಲೆ ಒಂಟಿಯಾಗಿತ್ತು. ಕಡೆದವರು ಅದನ್ನು ಹಾಗೆ ಒಮ್ಮೆಯೂ ನೋಡಿರಲಾರರು. ಅವರ ಪಾಲಿಗೆ ಅದು ಮನೆಯೊಳಗೆ, ಒಲೆಯ ಬದಿಯಲ್ಲಿ, ನೆಲದ ಗಾರೆಯಲ್ಲಿ ಹುಗಿದು ನಿಲ್ಲಿಸಿದ ಕಲ್ಲು. ನಾನು ಹೇಳಬೇಕೆಂದು ಬಂದಿರುವುದು ಮುಖ್ಯವಾಗಿ ಇದನ್ನೇ.

ಸರ್ಬಿಯಾದ ಪೂರ್ವದಂಚಿನ ಇಕ್ಕಟ್ಟಾದ ಕಣಿವೆಯಲ್ಲಿ ಡ್ಯಾನ್ಯೂಬ್ ನದಿಯ ಬಲದಂಡೆಯ ಮೇಲೆ ಆ ಕಲ್ಲುಮುಖ ಸಿಕ್ಕ ಲೆಪೆನ್ಸ್ಕಿ ವಿರ್ ಎಂಬ ಪ್ರಾಚೀನ ನೆಲೆ ಇದೆ. ‘ವಿರ್’ ಎಂದರೆ ಸುಳಿ. ಎದುರು ದಡದಲ್ಲಿ, ರೊಮೇನಿಯಾದ ಕಡೆ, ತುದಿ ಕತ್ತರಿಸಿದಂತಿರುವ ಟ್ರೆಸ್ಕಾವಟ್ಸ್ ಬಂಡೆ ಎದ್ದು ನಿಂತಿದೆ. ಬೆಲ್‌ಗ್ರೇಡ್ ವಿಶ್ವವಿದ್ಯಾಲಯದ ದ್ರಾಗೊಸ್ಲಾವ್ ಸ್ರೆಯೋವಿಚ್ 1965ರಲ್ಲಿ ಇಲ್ಲಿ ಉತ್ಖನನ ಆರಂಭಿಸಿದಾಗ ಮೇಲ್ಪದರದಲ್ಲಿ ಸಿಕ್ಕಿದ್ದು ಬಾಲ್ಕನ್ ನಾಡಿನ ಬೇರೆಡೆಗಳಲ್ಲೂ ಸಿಗುವ ನವಶಿಲಾಯುಗದ ಮಡಕೆ ಚೂರುಗಳು. ನದಿಯ ಕೆಳಹರಿವಿನಲ್ಲಿ ಯುಗೊಸ್ಲಾವಿಯ ಮತ್ತು ರೊಮೇನಿಯ ಜೊತೆಗೂಡಿ ಕಟ್ಟುತ್ತಿದ್ದ ಅಣೆಕಟ್ಟಿನ ಕೆಲಸ ಹಿಂದಿನ ವರ್ಷವೇ ಶುರುವಾಗಿತ್ತು. ಆ ದಂಡೆ ಮುಳುಗುವುದು ಖಚಿತವಾಗಿತ್ತು. ಮಾಮೂಲಿ ನೆಲೆಯೆಂದು ಬರೆದಿಟ್ಟು ಅಲ್ಲಿಗೇ ನಿಲ್ಲಿಸಿದ್ದರೆ ಯಾರೂ ದೂರುತ್ತಿರಲಿಲ್ಲ. ಅವರು ಇನ್ನೂ ಆಳಕ್ಕೆ ಅಗೆದರು. 1967ರಲ್ಲಿ ಕೆಳಗಿನ ಮನೆಗಳ ನೆಲದಿಂದ ಮೊದಲ ಕಲ್ಲುಮುಖಗಳು ಮೇಲೆದ್ದವು. ಕ್ರಿ.ಪೂ. 6200ರಿಂದ 5900ರ ನಡುವಿನ ಆ ಕಣ್ಣುಗಳ ಮೇಲೆ ಮತ್ತೆ ಬೆಳಕು ಬಿದ್ದ ಗಳಿಗೆಯನ್ನು ನೆನೆದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ.

ಆ ಮನೆಗಳನ್ನು ನೋಡಿ. ತುದಿ ಕತ್ತರಿಸಿದ ಬೀಸಣಿಗೆಯ ಆಕಾರ. ಅಗಲದ ಬದಿ ನದಿಗೆ ಮುಖಮಾಡಿದೆ. ಎದುರಿನ ಬಂಡೆಯ ಆಕಾರವನ್ನೇ ನೆಲಕ್ಕಿಳಿಸಿದರೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ನನಗೂ ಹಾಗೆಯೇ ತೋರುತ್ತದೆ. ಸುಣ್ಣಕಲ್ಲಿನ ಗಟ್ಟಿ ಕೆಂಗಾರೆಯ ನೆಲ, ಕಲ್ಲುಚಪ್ಪಡಿ ಜೋಡಿಸಿದ ಉದ್ದನೆಯ ಒಲೆ, ಒಲೆಯ ಸುತ್ತ ತ್ರಿಕೋನವಾಗಿ ನೆಟ್ಟ ಸಣ್ಣ ಕಲ್ಲುಗಳು. ಒಂದು ಮನೆಯಲ್ಲಂತೂ ಅಂಥ ತ್ರಿಕೋನದ ಜಾಗದಲ್ಲಿ ಮನುಷ್ಯನ ಕೆಳದವಡೆಯನ್ನೇ ಇಟ್ಟಿದ್ದರು. ಹಲವು ಮನೆಗಳ ಹಿಂಭಾಗದ ನೆಲದಡಿಯಲ್ಲಿ ಹಸುಗೂಸುಗಳ ಸಮಾಧಿಗಳಿವೆ. ನಮ್ಮ ತೆಕ್ಕಲಕೋಟೆಯ ನವಶಿಲಾಯುಗದವರೂ ಸತ್ತ ಕೂಸುಗಳನ್ನು ಮಡಕೆಯಲ್ಲಿಟ್ಟು ವಾಸದ ನೆಲೆಯಲ್ಲೇ ಹೂಳುತ್ತಿದ್ದರೆಂಬುದು ಇಲ್ಲಿ ಕುಳಿತಿರುವ ಅನೇಕರಿಗೆ ಗೊತ್ತು. ಆ ಎರಡು ಜನಕ್ಕೆ ನಂಟಿತ್ತೆಂದು ನಾನು ಹೇಳುತ್ತಿಲ್ಲ. ಕೂಸನ್ನು ಮನೆಯಿಂದ ದೂರ ಕಳಿಸಲಾರದ ಸಂಕಟವನ್ನಷ್ಟೇ ನೆನೆಯುತ್ತಿದ್ದೇನೆ.

ಹೀಗೆ ಬೆಂಕಿ, ಊಟ, ಸಾವು, ನದಿ ಎಲ್ಲವೂ ಕೂಡುವ ಜಾಗದಲ್ಲಿ ಆ ಮರಳುಗಲ್ಲಿನ ಗುಂಡುಗಳು ನಿಂತಿದ್ದವು. ಹೊರಚಾಚಿದ ಕಣ್ಣು, ಕೆಳಗಿಳಿದ ತುಟಿ. ಕೆಲವದರ ಮೇಲೆ ಮುಖವೇ ಇಲ್ಲ, ಅಲೆಯಂಥ ಗೆರೆಗಳಷ್ಟೇ. ಈ ಕಲ್ಲುಗಳಿಗೆ ಇಟ್ಟಿರುವ ‘ಆದಿಮಾತೆ’, ‘ಡ್ಯಾನ್ಯೂಬಿಯಸ್’ ಎಂಬ ಹೆಸರುಗಳು ನಮ್ಮ ಕಾಲದವು. ದೇವರೋ, ಪೂರ್ವಜರೋ ಎಂಬ ಚರ್ಚೆಗೆ ಇಳಿಯುವ ಮೊದಲು ಕಲ್ಲನ್ನು ಮನಸ್ಸಿನಲ್ಲಾದರೂ ಅದರ ಒಲೆಯ ಬದಿಗೆ ಮರಳಿ ಇಡೋಣ ಎಂಬುದು ನನ್ನ ಕೋರಿಕೆ.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಆಹಾರ ಮತ್ತು ವಂಶವಾಹಿಗಳ ವಿಚಾರವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಇಲ್ಲಿನವರು ಬಹುಪಾಲು ಮೀನುಂಡು ಬಾಳಿದವರೆಂದು ಎಲುಬಿನ ರಾಸಾಯನಿಕ ಪರೀಕ್ಷೆಗಳು ಹೇಳುತ್ತವೆ. 2018ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದಲ್ಲಿ ಅನಟೋಲಿಯ (ಇಂದಿನ ಟರ್ಕಿ) ಮೂಲದ ಬೇಸಾಯಗಾರರ ರಕ್ತವೂ ಇಲ್ಲಿ ಕಂಡಿದೆ. ಅಂದರೆ ದೂರದ ಹೊಲಗಳ ವಂಶದವರೂ ಈ ಒಲೆಗಳ ಬದಿಗೆ ಬಂದಿದ್ದರು.

ಕೊನೆಗೆ ಅಣೆಕಟ್ಟಿನ ಮಾತು. ನಾಗಾರ್ಜುನಕೊಂಡದ ಅವಶೇಷಗಳನ್ನು ಗುಡ್ಡಕ್ಕೆ ಸಾಗಿಸಿದಂತೆ, ಇಲ್ಲಿಯೂ ಮನೆಗಳ ನೆಲಗಳನ್ನು ಎತ್ತಿ ಸುಮಾರು 30 ಮೀಟರ್ ಮೇಲೆ ಇರಿಸಿದರು. 2011ರಿಂದ ಅದರ ಮೇಲೆ ಹೊಸ ವಸ್ತುಸಂಗ್ರಹಾಲಯದ ಸೂರಿದೆ. ಆದರೆ ಕಪ್ಪು ಸಮುದ್ರದಿಂದ ಹೊಳೆಯೇರಿ ಬರುತ್ತಿದ್ದ ದೈತ್ಯ ಬೆಲುಗಾ ಮೀನು, ಯಾವುದರ ಮುಖವನ್ನು ಆ ಕಲ್ಲುಗಳಲ್ಲಿ ಹಲವರು ಗುರುತಿಸುತ್ತಾರೋ ಆ ಮೀನು, ಅಣೆಕಟ್ಟು ದಾಟಿ ಆ ಸುಳಿಯಿದ್ದ ಜಾಗಕ್ಕೆ ಈಗ ಬರಲಾರದು.