ಕಡಲ ಪಾಚಿಗೂ ರೋಗ ಬೀಳುತ್ತದೆ

ಕೇಳುಗರಿಗೆ ನಮಸ್ಕಾರ. ಕೋಲಾರದಲ್ಲಿ ಕೂತು ಕಡಲಿನ ಮಾತು ಯಾಕೆ ಅಂತೀರಾ? ನಿಮ್ಮ ಟೊಮೆಟೊ ತೋಟವನ್ನೇ ನೋಡಿ. ಅಕ್ಕಪಕ್ಕದವರೆಲ್ಲ ಅದೇ ಬೆಳೆ ಇಟ್ಟಿರುತ್ತಾರೆ. ಮೋಡ ಮುಸುಕಿ ತುಂತುರು ಹಿಡಿದರೆ ಸಾಕು, ಒಬ್ಬರ ತೋಟಕ್ಕೆ ಬಿದ್ದ ಅಂಗಮಾರಿ ನೋಡನೋಡುತ್ತ ಬದು ದಾಟುತ್ತದೆ. ಗಿಡ ಒತ್ತೊತ್ತಾಗಿದ್ದಷ್ಟೂ ರೋಗಕ್ಕೆ ಸಲೀಸು. ಕಡಲಿನಲ್ಲೂ ಇದೇ ಕಥೆ. ಅಲ್ಲಿ ರೋಗ ಬೀಳುವುದು ಪಾಚಿಗೆ.

ಪಾಚಿ ಅಂದರೆ ಕಲ್ಲಿನ ಮೇಲೆ ಜಾರುವ ಹಸಿರಲ್ಲ. ನೀರಲ್ಲಿ ತೇಲುವ, ಒಂದೇ ಜೀವಕೋಶದ ಜೀವಿ. ಅಲೆಕ್ಸಾಂಡ್ರಿಯಂ ಅಂಥದ್ದೊಂದು. 30–40 ಕೋಶಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆದೀತು. ಇದರ ಕೆಲವು ಜಾತಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಮಾಡುತ್ತವೆ. ನೀರು ಸೋಸಿ ತಿನ್ನುವ ಮರುವಾಯಿ ಚಿಪ್ಪಿನಲ್ಲಿ ಆ ವಿಷ ಸೇರಿಕೊಳ್ಳುತ್ತದೆ. ತಿಂದವರಿಗೆ ತುಟಿ, ನಾಲಿಗೆ ಜುಮ್ಮೆನ್ನುತ್ತದೆ. ಜಾಸ್ತಿಯಾದರೆ ಉಸಿರೇ ಕಟ್ಟುತ್ತದೆ. ಎಷ್ಟು ಬೇಯಿಸಿದರೂ ಹೋಗದ ವಿಷ ಅದು. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆ ಅಳಿವೆಯ ಚಿಪ್ಪು ತಿಂದು ಜನ ಆಸ್ಪತ್ರೆ ಸೇರಿದರು. ಒಬ್ಬ ಹುಡುಗ ತೀರಿಕೊಂಡ.

ಇಂಥ ಪಾಚಿಯ ಬೆನ್ನು ಹತ್ತುವ ಪರಜೀವಿಗಳಲ್ಲಿ ಅಮೀಬೊಫ್ರಿಯ ಒಂದು. ಗಾತ್ರ ಕೆಲವೇ ಮೈಕ್ರಾನ್. ಬಾಲ ಬಡಿಯುತ್ತ ಬಂದು ಪಾಚಿಯ ಮೈಗೆ ಅಂಟಿ ಒಳಗೆ ನುಸುಳುತ್ತದೆ. ಸೂಕ್ಷ್ಮದರ್ಶಕದಲ್ಲಿ ನೀಲಿ ಬೆಳಕು ಬಿಟ್ಟು ನೋಡಬೇಕು: ಪಾಚಿ ಕೆಂಪಗೆ ಕಾಣುತ್ತದೆ, ಒಳಗೆ ಕೂತ ಕಳ್ಳ ಹಸಿರಾಗಿ ಹೊಳೆಯುತ್ತಾನೆ. ಬಣ್ಣ ಹಾಕುವುದೇ ಬೇಡ. ಎರಡು ಮೂರು ದಿನದಲ್ಲಿ ಪಾಚಿಯ ಒಳಗನ್ನೆಲ್ಲ ತಿಂದು ಕೊಬ್ಬುತ್ತದೆ. ಆಗಿನ ಅದರ ರೂಪಕ್ಕೆ ವಿಜ್ಞಾನಿಗಳು ಜೇನುಗೂಡು ಅಂತಲೇ ಕರೆಯುತ್ತಾರೆ. ಆಮೇಲೆ ಪಾಚಿಯನ್ನು ಒಡೆದುಕೊಂಡು ಉದ್ದನೆಯ ಹುಳುವಾಗಿ ಹೊರಬರುತ್ತದೆ. ಈಜುತ್ತ ಈಜುತ್ತಲೇ ಆ ಹುಳು ಬಿಡಿಬಿಡಿಯಾಗಿ ನೂರಾರು ಮರಿಗಳಾಗುತ್ತದೆ. ಪ್ರತಿ ಮರಿಗೂ ಹೊಸ ಪಾಚಿ ಬೇಕು, ಕೆಲವು ದಿನದೊಳಗೆ ಸಿಗದಿದ್ದರೆ ಸಾವು. ಪಾಚಿ ದಟ್ಟವಾಗಿದ್ದಾಗ ಮಾತ್ರ ಇವುಗಳಿಗೆ ಸುಗ್ಗಿ.

ಫ್ರಾನ್ಸಿನ ಬ್ರಿಟನಿ ಕರಾವಳಿಯ ಪೆಂಜೆ ಅಳಿವೆಯಲ್ಲಿ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಒಂದೊಂದು ಜಾತಿಯ ಪಾಚಿ ಹೆಚ್ಚಿದಾಗಲೂ ಅದಕ್ಕೇ ಅಂತ ಇದ್ದ ಪರಜೀವಿ ಬಂದು ಅದನ್ನು ಇಳಿಸಿತ್ತು.

ಹಾಗಾದರೆ ಇದನ್ನೇ ಬೆಳೆಸಿ ಕಡಲಿಗೆ ಬಿಟ್ಟರಾಯಿತು, ಅಲ್ವಾ? 1968ರಲ್ಲೇ ಈ ಯೋಚನೆ ಬಂದಿತ್ತು. ನನಗೇನೋ ನಂಬಿಕೆ ಬರುವುದಿಲ್ಲ. ಕಡಲು ತೋಟವಲ್ಲ, ಬದು ಇಲ್ಲ. ಬಿಟ್ಟ ಪರಜೀವಿ ಎಲ್ಲಿ ಹೋಯಿತು, ಬೇರೆ ಯಾರನ್ನು ಹಿಡಿಯಿತು ಅಂತ ಹಿಂದೆ ಓಡುವವರು ಯಾರು? ನಮ್ಮ ಕೆರೆಗಳಿಗಂತೂ ಇದು ಆಗಿಬರುವುದಿಲ್ಲ. ಕೆರೆ ಮೇಲೆ ಹಸಿರು ಕೆನೆ ಕಟ್ಟುವುದು ಸಾಮಾನ್ಯವಾಗಿ ನೀಲಿ-ಹಸಿರು ಪಾಚಿ. ಅಮೀಬೊಫ್ರಿಯ ಅದನ್ನು ಮೂಸಿಯೂ ನೋಡುವುದಿಲ್ಲ. ಅದಕ್ಕೆ ಬೀಳುವುದು ವೈರಸ್ಸು, ಕೈಟ್ರಿಡ್ ಎಂಬ ಬೂಷ್ಟು.

ಪಾಚಿಯೂ ಸುಮ್ನೆ ಸಾಯುವುದಿಲ್ಲ. ಅಲೆಕ್ಸಾಂಡ್ರಿಯಂ ಗಟ್ಟಿ ಕವಚ ಕಟ್ಟಿಕೊಂಡು ತಳದ ಕೆಸರಲ್ಲಿ ವರ್ಷಗಟ್ಟಲೆ ಮಲಗಬಲ್ಲದು. ಪರಜೀವಿಯೂ ಕಮ್ಮಿ ಇಲ್ಲ. ಸ್ಕ್ರಿಪ್ಸಿಯೆಲ್ಲ ಎಂಬ ಇನ್ನೊಂದು ಪಾಚಿಯಲ್ಲಿ, ಆ ಕವಚದ ಒಳಗೇ ಅಮೀಬೊಫ್ರಿಯ ಕೂಡ ಸೇರಿಕೊಂಡು ಮಲಗಿರುವುದನ್ನು, ಪಾಚಿ ಎದ್ದಾಗ ತಾನೂ ಏಳುವುದನ್ನು ವಿಜ್ಞಾನಿಗಳು ಕಂಡಿದ್ದಾರೆ.