ಬೆಣ್ಣೆಯ 27 ಪದರ: ಪ್ಯಾರಿಸ್‌ ಬೇಕರಿಯಲ್ಲಿ ಒಳ್ಳೇ ಕ್ರ್ವಾಸಾಂ ಗುರುತಿಸೋದು ಹೇಗೆ?

[ದೃಶ್ಯ: ಬೆಳಗಿನ ರಸ್ತೆ, ಬೇಕರಿ ಮುಂದೆ ಸಣ್ಣ ಕ್ಯೂ]

ನಮಸ್ಕಾರ. ಬೆಳಿಗ್ಗೆ ಏಳೂವರೆ, ಪ್ಯಾರಿಸ್‌ನ ಮೊಂತೊರ್ಗೈ ರಸ್ತೆ. ನಿನ್ನೆ ಸಂಜೆ ಬೇರೆ ಕಡೆ ಒಂದು ಅಂಗಡಿಯಲ್ಲಿ ಕ್ರ್ವಾಸಾಂ ತಿಂದೆ. ಮೆತ್ತಗೆ ಬನ್‌ ಥರ ಇತ್ತು. ಇಷ್ಟು ದೂರ ಬಂದು ಇದನ್ನಾ ತಿಂದಿದ್ದು ಅಂತ ತುಂಬಾ ಬೇಜಾರಾಯ್ತು. ಅದಕ್ಕೇ ಇವತ್ತು ಬಿಸಿಬಿಸಿ ಟ್ರೇ ಹೊರಗೆ ಬರೋ ಹೊತ್ತಿಗೇ ಬಂದು ನಿಂತಿದ್ದೀನಿ. ಅಂದಹಾಗೆ, ನಾವು ಕ್ರೊಸೆಂಟ್ ಅನ್ನೋದು ಇದಕ್ಕೇ. ಇಲ್ಲಿ ಕೊನೇ 'ಟ್' ಯಾರೂ ಉಚ್ಚರಿಸಲ್ಲ.

[ದೃಶ್ಯ: ಅಂಗಡಿಯ ಬೋರ್ಡ್]

ಬೋರ್ಡ್ ನೋಡಿ: 'ಬೂಲಾಂಜೆರಿ', ಅಂದರೆ ಬ್ರೆಡ್ ಮಾಡೋ ಬೇಕರಿ. ಫ್ರಾನ್ಸ್‌ನಲ್ಲಿ ಈ ಹೆಸರನ್ನ ಯಾರು ಬೇಕಾದರೂ ಹಾಕ್ಕೊಳ್ಳೋ ಹಾಗಿಲ್ಲ. 1998ರ ಕಾನೂನಿನ ಪ್ರಕಾರ ಬ್ರೆಡ್ಡಿನ ಹಿಟ್ಟು ನಾದೋದು, ಹುದುಗಿಸೋದು, ಬೇಯಿಸೋದು ಎಲ್ಲಾ ಅಲ್ಲೇ ಆಗಬೇಕು, ಯಾವ ಹಂತದಲ್ಲೂ ಫ್ರೀಜ್ ಮಾಡಬಾರದು. ಆದರೆ ಇದು ಬ್ರೆಡ್ಡಿಗೆ ಮಾತ್ರ. ಕ್ರ್ವಾಸಾಂ ಇದರೊಳಗೆ ಬರಲ್ಲ! ಕಾರ್ಖಾನೆಯಿಂದ ಫ್ರೋಜನ್ ತರಿಸಿ, ಬರೀ ಓವನ್‌ಗೆ ಇಟ್ಟು ಮಾರಿದರೂ ಬೋರ್ಡ್ ಹಾಗೇ ಇರುತ್ತೆ. ಹಾಗಾಗಿ ನಾವೇ ಕಣ್ಣಿಟ್ಟು ನೋಡಬೇಕು.

ಒಳಗೆ ಹೋಗ್ತಿದ್ದ ಹಾಗೆ ಮೊದಲು 'ಬೋಂಜೂರ್', ಅಂದರೆ ನಮಸ್ಕಾರ ಅನ್ನಿ. ಅದನ್ನ ಹೇಳದೆ ನೇರವಾಗಿ ಆರ್ಡರ್ ಕೊಡೋದು ಇಲ್ಲಿ ಒರಟುತನ. ಆಮೇಲೆ 'ಫೇ ಮೇಝೋಂ?' ಅಂತ ಕೇಳಿ. ಇಲ್ಲೇ ಮಾಡಿದ್ದಾ ಅಂತ ಅರ್ಥ.

[ದೃಶ್ಯ: ಕ್ರ್ವಾಸಾಂ ಅಡ್ಡಕ್ಕೆ ಕತ್ತರಿಸುವುದು, ತೀರಾ ಹತ್ತಿರದಿಂದ]

ತಿನ್ನೋಕೆ ಮುಂಚೆ ಹೀಗೆ ಕತ್ತರಿಸಿ. ಜೇನುಗೂಡಿನ ಥರ ತೂತುಗಳು ಕಾಣ್ತಿವೆಯಲ್ಲ, ಇದೇ ಇದರ ಜೀವ. ನಮ್ಮ ಚಿರೋಟಿ ನೆನಪಿಸ್ಕೊಳ್ಳಿ. ಪದರದ ಮಧ್ಯೆ ತುಪ್ಪ, ಅಕ್ಕಿಹಿಟ್ಟು ಸವರಿ, ಸುತ್ತಿ, ಲಟ್ಟಿಸಿ ಕರೀತೀವಿ. ಇಲ್ಲೂ ಪದರಗಳನ್ನ ಬಿಡಿಸೋದು ಜಿಡ್ಡೇ. ಆದರೆ ಹಿಟ್ಟಿಗೆ ಯೀಸ್ಟ್ ಇರುತ್ತೆ, ಕರಿಯೋ ಬದಲು ಬೇಯಿಸ್ತಾರೆ. ತಣ್ಣನೆ ಬೆಣ್ಣೆಯ ಹಾಳೆಯನ್ನ ಹಿಟ್ಟಿನೊಳಗೆ ಇಟ್ಟು ಮೂರು ಮಡಿಕೆ ಮಾಡಿ ಲಟ್ಟಿಸ್ತಾರೆ. ಹೀಗೆ ಮೂರು ಸಲ ಮಾಡಿದರೆ ಮೂರ್ಮೂರಲಿ ಒಂಬತ್ತು, ಒಂಬತ್ತು ಮೂರಲಿ ಇಪ್ಪತ್ತೇಳು: ಬೆಣ್ಣೆಯ 27 ಪದರ. ನಡುನಡುವೆ ಫ್ರಿಡ್ಜ್‌ನಲ್ಲಿ ಇಟ್ಟು ತಣಿಸಲೇಬೇಕು. ಬೆಣ್ಣೆ ಕರಗಿ ಹಿಟ್ಟಿಗೆ ಸೇರಿಕೊಂಡರೆ ಪದರವೇ ಉಳಿಯಲ್ಲ. ಓವನ್‌ನಲ್ಲಿ ಬೆಣ್ಣೆಯಲ್ಲಿರೋ, ಹಿಟ್ಟಿನಲ್ಲಿರೋ ನೀರು ಆವಿಯಾಗಿ ಒಂದೊಂದೇ ಪದರವನ್ನ ಮೇಲಕ್ಕೆತ್ತುತ್ತೆ. ನಿನ್ನೆ ತಿಂದದ್ದರಲ್ಲಿ ಈ ತೂತೇ ಇರಲಿಲ್ಲ.

ಆಕಾರವೂ ಸುಳಿವು ಕೊಡುತ್ತೆ. ನೆಟ್ಟಗಿದ್ದರೆ ಸಾಮಾನ್ಯವಾಗಿ ಬೆಣ್ಣೆಯದ್ದು, ಚಂದ್ರನ ಥರ ಬಾಗಿದ್ದರೆ ಮಾರ್ಗರೀನ್‌ದು, ಅಂದರೆ ಬೆಣ್ಣೆ ಬದಲು ಬಳಸೋ ಎಣ್ಣೆಯ ಜಿಡ್ಡಿನದು. ಇದು ರೂಢಿ, ಕಾನೂನಲ್ಲ. ಬೋರ್ಡಿನಲ್ಲಿ 'ಓ ಬರ್' ಅಂತಿದ್ದರೆ ಬೆಣ್ಣೆ ಅಂತಲೇ ಅರ್ಥ.

[ದೃಶ್ಯ: ಮೊದಲ ತುತ್ತು, ಮೇಜಿನ ಮೇಲೆ ಉದುರಿದ ಪುಡಿ]

ಚರ್ ಅಂತು, ಕೇಳಿಸ್ತಾ? ಹೊರಗೆ ಒಣ ಎಲೆ ಥರ, ಒಳಗೆ ಹಿಗ್ಗಿ ಬರುತ್ತೆ. ಸಿಹಿ ಬಹಳ ಕಮ್ಮಿ, ಬೆಣ್ಣೆ ಪರಿಮಳವೇ ಮುಂದೆ.

ಇಂಥ ತಿಂಡಿಗಳಿಗೆ ಫ್ರೆಂಚರು 'ವಿಯೆನ್ವಾಸರಿ', ಅಂದರೆ ವಿಯೆನ್ನಾದ್ದು ಅಂತಾರೆ. 1830ರ ದಶಕದ ಕೊನೆಯಲ್ಲಿ ಆಗಸ್ಟ್ ಝಾಂಗ್ ಅನ್ನೋ ಆಸ್ಟ್ರಿಯಾದವರು ಪ್ಯಾರಿಸ್‌ನಲ್ಲಿ ವಿಯೆನ್ನಾ ಶೈಲಿಯ ಬೇಕರಿ ತೆರೆದರು. ಅವರ ಕಿಪ್‌ಫೆರ್ಲ್ ಅನ್ನೋ ಅರ್ಧಚಂದ್ರಾಕಾರದ ಬನ್ ಇದರ ಮೂಲ. ಪದರ ಪದರದ ಈ ರೂಪ ಫ್ರೆಂಚರ ಕೈಯಲ್ಲಿ ಆಮೇಲೆ ಬಂದದ್ದು.

[ದೃಶ್ಯ: ಸ್ಟೊರೆರ್ ಅಂಗಡಿಯ ಕಿಟಕಿ]

ಇದೇ ರಸ್ತೆಯಲ್ಲಿ 1730ರಿಂದ ಇರೋ ಸಿಹಿತಿಂಡಿ ಅಂಗಡಿ ಸ್ಟೊರೆರ್. ಇಲ್ಲಿ ರಮ್‌ನಲ್ಲಿ ನೆನೆಸಿದ 'ಬಾಬಾ' ಅನ್ನೋ ಕೇಕ್ ಪ್ರಸಿದ್ಧ. ಮದ್ಯ ಬೇಡ ಅನ್ನೋರು ಇದನ್ನ ಬಿಡಿ.

ಮೊಟ್ಟೆ ತಿನ್ನದವರಿಗೂ ಒಂದು ಮಾತು. ಕ್ರ್ವಾಸಾಂ ಮೇಲಿನ ಹೊಳಪು ಬಹುತೇಕ ಮೊಟ್ಟೆ ಸವರಿದ್ದು. ಮೂಸ್ ಕೇಕುಗಳಲ್ಲಿ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಇರಬಹುದು. ನೀವು 'ಬಗೆತ್ ತ್ರಾದಿಸ್ಯೋಂ' ಅನ್ನೋ ಕೋಲಿನಂಥ ಉದ್ದನೆ ಬ್ರೆಡ್ ತಗೊಳ್ಳಿ. ಗೋಧಿಹಿಟ್ಟು, ನೀರು, ಉಪ್ಪು, ಯೀಸ್ಟ್ ಅಥವಾ ಹುಳಿಹಿಟ್ಟು, ಅಷ್ಟೇ ಮುಖ್ಯ ಸಾಮಗ್ರಿ. 1993ರ ಆದೇಶದ ಪ್ರಕಾರ ಇದಕ್ಕೆ ರಾಸಾಯನಿಕ ಸಂರಕ್ಷಕ ಹಾಕೋ ಹಾಗಿಲ್ಲ.

[ದೃಶ್ಯ: ಕಾಗದ ಸುತ್ತಿದ ಬಗೆತ್, ತುದಿ ಮುರಿಯುವ ಕೈ]

ಮನೆ ತಲುಪೋವರೆಗೂ ಕಾಯದೆ ದಾರಿಯಲ್ಲೇ ತುದಿ ಮುರಿದು ತಿನ್ನೋದು ಇಲ್ಲಿನವರ ಅಭ್ಯಾಸ. ನಾನೂ ಮುರಿದೆ. ಇನ್ನೂ ಬಿಸಿ ಇದೆ.